ಜಂಟಿ ಗೋಡೆಯ ಆಚೆ ಬದಿಯನ್ನು ನೋಡದೆ ಮುಂಗಡ ಕೊಡಬೇಡಿ

ನಗರದ ನಡುಭಾಗದಲ್ಲಿ, ಗೋಡೆಗೆ ಗೋಡೆ ತಾಗಿಕೊಂಡಿರುವ ಹಳೆಯ ಮನೆಗಳ ಸಾಲಿನಲ್ಲಿ ಮನೆ ಕೊಳ್ಳಲು ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥ ಮನೆಯನ್ನು ಕೊಳ್ಳುವವರು ಅಕ್ಕಪಕ್ಕದ ಮನೆಗಳ ಕೊಳಾಯಿ, ಚಾವಣಿ ಮತ್ತು ಚರಂಡಿಗಳ ಪರಿಣಾಮವನ್ನೂ ಜೊತೆಗೇ ಕೊಂಡಿರುತ್ತಾರೆ. ಆದರೆ ಮಾರುವವರು ತೋರಿಸುವುದು ತಮ್ಮ ಮನೆಯ ಒಳಮೈಯನ್ನು ಮಾತ್ರ. ನಮ್ಮ ವಿಷಯದಲ್ಲಿ ಆ ಒಳಮೈಯೂ ಆಗಷ್ಟೇ ಸಿದ್ಧಪಡಿಸಿದ್ದಾಗಿತ್ತು.

ಆ ಮನೆಯನ್ನು ಆರಿಸಿಕೊಳ್ಳಲು ಇದ್ದ ಕಾರಣಗಳು ಇಂದಿಗೂ ಸುಳ್ಳಾಗಿಲ್ಲ. ಕೆಲಸ, ಶಾಲೆ, ಔಷಧಿ ಅಂಗಡಿ ಎಲ್ಲಕ್ಕೂ ನಡೆದೇ ಹೋಗಬಹುದು, ವಾಹನವಿಲ್ಲದೆ ಬದುಕು ಸಾಗುತ್ತದೆ, ಬಾಗಿಲು ತೆರೆದರೆ ಮಾತಿಗೆ ಜನ ಸಿಗುತ್ತಾರೆ. ಆದ್ದರಿಂದ ನನ್ನ ತಕರಾರು ಒತ್ತೊತ್ತಾದ ವಸತಿಯ ಬಗ್ಗೆ ಅಲ್ಲ, ಅಲ್ಲಿ ಮನೆ ಮಾರುವಾಗ ಮುಚ್ಚಿಡುವ ಸಂಗತಿಗಳ ಬಗ್ಗೆ.

ನಾವು ನೋಡಲು ಹೋದಾಗ ಜಂಟಿ ಗೋಡೆಗೆ ಹೊಸದಾಗಿ ಸಿಮೆಂಟ್ ಗಾರೆ ಹಚ್ಚಿ ಬಣ್ಣ ಬಳಿಯಲಾಗಿತ್ತು. ಮನೆಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂಬುದಕ್ಕೆ ಮಧ್ಯವರ್ತಿ ಅದನ್ನೇ ಸಾಕ್ಷಿಯಾಗಿ ತೋರಿಸಿದರು. ಮೊದಲ ಮಳೆಗಾಲ ಮುಗಿಯುವ ಮುನ್ನವೇ ಆ ಬಣ್ಣ ಗುಳ್ಳೆಯೆದ್ದು, ಗಾರೆಯ ಮೇಲೆ ಬಿಳಿಯ ಉಪ್ಪು ಮೂಡಿ, ಮುಟ್ಟಿದರೆ ಪುಡಿಪುಡಿಯಾಗಿ ಉದುರತೊಡಗಿತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆ ಗೋಡೆಯು ಹೀರಿಕೊಂಡ ನೀರನ್ನು ತನ್ನ ಮೈಯಿಂದಲೇ ಆವಿಯಾಗಿ ಬಿಡುತ್ತದೆ. ಅದರ ಮೇಲೆ ದಟ್ಟವಾದ ಸಿಮೆಂಟ್ ಪದರ ಬಿದ್ದರೆ ಆ ದಾರಿ ಕಟ್ಟಿಹೋಗಿ ತೇವವು ಒಳಗೇ ಉಳಿಯುತ್ತದೆ, ಇಲ್ಲವೇ ಗೋಡೆಯಲ್ಲಿ ಇನ್ನೂ ಮೇಲಕ್ಕೆ ಏರುತ್ತದೆ. ನೀರಿನೊಂದಿಗೆ ಬಂದ ಲವಣಗಳು ಹರಳುಗಟ್ಟಿ ಹಿಗ್ಗಿದಾಗ ಗಾರೆಯೇ ಕಳಚಿಕೊಳ್ಳುತ್ತದೆ. ಕೊಳ್ಳುವವರ ಕಣ್ಣಿಗೆ ಕೆಲವು ತಿಂಗಳು ಚೆನ್ನಾಗಿ ಕಾಣಲು ಮಾತ್ರ ಸಾಕಾಗುವ ಕೆಲಸ ಅದು.

ಇದು ನೆಲದ ತೇವ, ಹಳೆಯ ಮನೆಗಳಲ್ಲಿ ಸಹಜ ಎಂದು ಮಾರಿದವರು ಫೋನಿನಲ್ಲೇ ತೀರ್ಪು ಕೊಟ್ಟರು. ನೆಲದಿಂದ ಏರುವ ತೇವ ಸಾಮಾನ್ಯವಾಗಿ 1 ಮೀಟರ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನಮ್ಮ ಗೋಡೆಯ ಕಲೆ ಇದ್ದದ್ದು ತಲೆಗಿಂತ ಎತ್ತರದಲ್ಲಿ. ಗೋಡೆಯ ಆಚೆಗೆ ಪಕ್ಕದ ಮನೆಯ ಸ್ನಾನದ ಕೋಣೆಯಿದೆ, ಅಲ್ಲಿ ಗೋಡೆಯೊಳಗೆ ಹುದುಗಿಸಿದ ಪೈಪೊಂದು ಬಹುಕಾಲದಿಂದ ಸೋರುತ್ತಿದೆ ಎಂಬುದು ಕೊನೆಗೆ ತಿಳಿಯಿತು. ಆ ಮನೆಯಲ್ಲಿ ಇರುವವರು ಬಾಡಿಗೆದಾರರು. ಮನೆಯ ವಾರಸುದಾರರೋ ಆಸ್ತಿ ಪಾಲಾಗದ ಹೊರತು ಒಂದು ಇಟ್ಟಿಗೆಯನ್ನೂ ಮುಟ್ಟಲು ಒಪ್ಪದವರು. ಬಾಡಿಗೆದಾರರು ಪಾಪ, ಸೋರುವ ವಿಷಯವನ್ನು ನಮಗಿಂತ ಮೊದಲಿನಿಂದ ಹೇಳುತ್ತಲೇ ಇದ್ದರಂತೆ. ನಮ್ಮ ಕಡೆಯಿಂದ ಎಷ್ಟು ಖರ್ಚು ಮಾಡಿದರೂ ನೀರಿನ ಮೂಲ ಇರುವುದು ನಮ್ಮ ಹಕ್ಕಿನ ಆಚೆಗೆ.

ಇದಕ್ಕಿಂತ ಗಂಭೀರವಾದದ್ದು ತೊಲೆಗಳ ಸ್ಥಿತಿ. ಇಂಥ ಮನೆಗಳಲ್ಲಿ ಮಹಡಿಯ ಮರದ ತೊಲೆಗಳ ತುದಿಗಳನ್ನು ಜಂಟಿ ಗೋಡೆಯೊಳಗೆ ಕೂರಿಸಿರುತ್ತಾರೆ. ಗೋಡೆ ಸದಾ ಒದ್ದೆಯಾಗಿದ್ದರೆ ಹೊರಗೆ ಕಾಣುವ ಮರ ಗಟ್ಟಿಯಾಗಿಯೇ ಇರುತ್ತದೆ, ಭಾರ ಹೊರುವ ತುದಿ ಮಾತ್ರ ಒಳಗೊಳಗೇ ಕೊಳೆಯುತ್ತದೆ. ನಮ್ಮಲ್ಲಿ ಎರಡು ತೊಲೆಗಳ ತುದಿಗಳು ಬೆರಳಿನಿಂದ ಒತ್ತಿದರೆ ಒಳಹೋಗುವಷ್ಟು ಮೆತ್ತಗಾಗಿದ್ದವು. ಸಾಲ ಕೊಡುವ ಸಂಸ್ಥೆಯ ಪರವಾಗಿ ಬಂದ ಮೌಲ್ಯಮಾಪಕರು ಇದನ್ನು ಗುರುತಿಸಲಿಲ್ಲ. ಅವರ ಕೆಲಸ ಸಾಲಕ್ಕೆ ಮನೆ ಸಾಕಷ್ಟು ಬೆಲೆಬಾಳುತ್ತದೆಯೇ ಎಂದು ನೋಡುವುದೇ ಹೊರತು ಅದು ವಾಸಕ್ಕೆ ಸುರಕ್ಷಿತವೇ ಎಂದು ಪರೀಕ್ಷಿಸುವುದಲ್ಲ. ಈ ವ್ಯತ್ಯಾಸವನ್ನು ಯಾರೂ ತಾವಾಗಿ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಹಳೆಯ ಕಟ್ಟಡಗಳ ಅನುಭವವುಳ್ಳ ಎಂಜಿನಿಯರರನ್ನು ಕೊಳ್ಳುವವರೇ ಪ್ರತ್ಯೇಕವಾಗಿ ಕರೆತರಬೇಕು.

ಹಿಂದಿನ ಮನೆಯ ಕೊಳಚೆ ಪೈಪು ನಮ್ಮ ಅಡುಗೆಮನೆಯ ನೆಲದಡಿಯಲ್ಲೇ ಹಾದುಹೋಗುತ್ತದೆ ಎಂಬುದು ಗೊತ್ತಾದದ್ದು ಅದು ಕಟ್ಟಿಕೊಂಡು ನೀರು ನಮ್ಮ ಮನೆಯೊಳಗೆ ಉಕ್ಕಿದ ದಿನ. ಕ್ರಯಪತ್ರದ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ಗಡಿಗಳಿದ್ದವು, ನೆಲದಡಿಯ ಪೈಪಿನ ಸುಳಿವಿರಲಿಲ್ಲ. ಇಂಥದ್ದನ್ನು ಪತ್ತೆಹಚ್ಚುವುದು ಕಷ್ಟವಲ್ಲ: ಅಕ್ಕಪಕ್ಕದವರ ಒಪ್ಪಿಗೆ ಪಡೆದು ಅವರ ಬಚ್ಚಲಿನಲ್ಲಿ ಬಣ್ಣ ಬೆರೆಸಿದ ನೀರನ್ನು ಸುರಿದು, ಅದು ಯಾರ ಅಂಗಳದ ಚೇಂಬರಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನೋಡಿದರೆ ಸಾಕು. ಆ ನೆಪದಲ್ಲಿ ನೆರೆಯವರ ಪರಿಚಯವೂ ಆಗುತ್ತದೆ, ಮತ್ತು ಮಾರುವವರು ಹೇಳದ ಎಷ್ಟೋ ಸಂಗತಿಗಳು ಆ ಮಾತುಕತೆಯಲ್ಲೇ ಹೊರಬರುತ್ತವೆ.

ಶಬ್ದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಧ್ಯಾಹ್ನ ನೋಡಿದ ಮನೆಯನ್ನು ರಾತ್ರಿಯೂ ಒಮ್ಮೆ ನೋಡಿ. ಬೆಳಕಿನ ವಿಷಯದಲ್ಲಿ ಮಾತ್ರ, ಪಕ್ಕದ ತಗ್ಗು ಮನೆಯ ಮೇಲಿಂದ ಬಿಸಿಲು ಬರುತ್ತಿದ್ದರೆ ಅದನ್ನು ಶಾಶ್ವತವೆಂದು ನಂಬಿ ಅದಕ್ಕೂ ಬೆಲೆ ತೆರಬೇಡಿ, ಆ ಮನೆಯ ಮೇಲೆ ಇನ್ನೆಷ್ಟು ಮಹಡಿ ಕಟ್ಟಲು ಅವಕಾಶವಿದೆ ಎಂದು ಸ್ಥಳೀಯ ಆಡಳಿತದ ಕಚೇರಿಯಲ್ಲಿ ವಿಚಾರಿಸಿ.

ನಮ್ಮ ಗೋಡೆಯ ಸಿಮೆಂಟ್ ಗಾರೆಯನ್ನು ಈಗ ಕೆರೆದು ತೆಗೆಸಿದ್ದೇವೆ; ತೊಲೆಗಳಿಗೆ ಕಬ್ಬಿಣದ ಆಧಾರ ಕೊಟ್ಟಿದ್ದೇವೆ. ನೀರಿನ ಮೂಲ ನಿಂತ ಮೇಲೂ ಇಂಥ ಗೋಡೆ ಒಣಗಲು ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ವಾಡಿಕೆಯ ಲೆಕ್ಕ. 9 ಅಂಗುಲದ ಗೋಡೆಗೆ ಮುಕ್ಕಾಲು ವರ್ಷ. ಆಚೆಯ ಪೈಪು ಇನ್ನೂ ದುರಸ್ತಿಯಾಗಿಲ್ಲವಾದ್ದರಿಂದ ನಮ್ಮ ಲೆಕ್ಕ ಇನ್ನೂ ಶುರುವಾಗಿಲ್ಲ. ನೀವು ನೋಡುತ್ತಿರುವ ಮನೆಯಲ್ಲಿ ಒಂದೇ ಗೋಡೆಗೆ ಮಾತ್ರ ಹೊಸ ಗಾರೆಯಿದ್ದರೆ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಅಂಗೈಯಗಲದಷ್ಟು ಕೆರೆದು ನೋಡಲು ಅನುಮತಿ ಕೇಳಿ, ಅದನ್ನು ಮತ್ತೆ ಮುಚ್ಚಿಸಿಕೊಡುವ ಖರ್ಚು ನಮ್ಮದೇ ಎಂದೂ ಹೇಳಿ. ಅದಕ್ಕೂ ಒಪ್ಪದವರೊಂದಿಗೆ ಬೆಲೆಯ ಮಾತನ್ನು ಮುಂದುವರಿಸಬೇಡಿ.