ಬೇಸಿಗೆ ರಜೆಗೆ ಸಿಕ್ಕ ಕ್ವಾಂಟಮ್ ಪಾಠ

ನಾನು ತುಮಕೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಎಂಎಸ್ಸಿ ಮುಗಿಸಿ ಹದಿನಾಲ್ಕು ವರ್ಷ ಆಯಿತು. ಎಲೆಕ್ಟ್ರಾನ್, ಪರಮಾಣುಗಳಂಥ ಅತಿ ಸಣ್ಣ ವಸ್ತುಗಳ ನಡವಳಿಕೆ ಹೇಳುವ ಕ್ವಾಂಟಮ್ ಮೆಕ್ಯಾನಿಕ್ಸ್ ಪೇಪರನ್ನು ಆಗ ಉರು ಹೊಡೆದು ಪಾಸು ಮಾಡಿದ್ದೆ. ಅದು ಒಳಗೇ ಕೊರೆಯುತ್ತಿತ್ತು. ಈ ಸಲ ವ್ಯಾಲ್ಯುಯೇಷನ್ ಮುಗಿದ ಮೇಲೆ ಕೂತು ಕಲಿಯಲೇಬೇಕು ಅಂದುಕೊಂಡೆ.

ಮೊದಲು ನೋಡಿದ್ದು ಎನ್‌ಪಿಟೆಲ್, ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ. ಅಲ್ಲಿ ಸರ್ಟಿಫಿಕೇಟ್ ಕೋರ್ಸುಗಳು ಶುರುವಾಗೋದು ಜನವರಿ, ಜುಲೈ ಹೊತ್ತಿಗೆ. ನಮಗೆ ರಜೆ ಏಪ್ರಿಲ್, ಮೇ. ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಹಳೆಯ ಪಾಠಗಳು ಯೂಟ್ಯೂಬಿನಲ್ಲಿವೆ, ಬಹಳ ಚೆನ್ನಾಗಿವೆ. ಆದರೆ ಪಾಠದ ಜೊತೆಗೆ ಲೆಕ್ಕಗಳೂ ಪರೀಕ್ಷೆಯ ಪ್ರಶ್ನೆಗಳೂ ಒಂದೇ ಕಡೆ ಸಿಗಬೇಕು ಅಂತ ನನ್ನ ಆಸೆ. ಹಾಗೆ ಹಿಡಿದಿದ್ದು ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಎಲ್ಲರಿಗೂ ತೆರೆದಿಟ್ಟಿರುವ ಓಪನ್‌ಕೋರ್ಸ್‌ವೇರ್ ತಾಣದ 8.04 ಅನ್ನೋ ನಂಬರಿನ ಕ್ವಾಂಟಮ್ ಕೋರ್ಸು, ಅಲ್ಲಿನ ಮೇಷ್ಟ್ರು ಅಲನ್ ಆಡಮ್ಸ್ 2013ರಲ್ಲಿ ಮಾಡಿದ ಪಾಠ. 24 ಕ್ಲಾಸು, ಒಂದೊಂದೂ ಸುಮಾರು 80 ನಿಮಿಷ. ದುಡ್ಡಿಲ್ಲ, ಹೆಸರು ಬರೆಸೋದೂ ಬೇಡ. ವಾರಕ್ಕೆ ಮೂರು ನೋಡಿದರೆ ಎಂಟು ವಾರ, ರಜೆಗೆ ಸರಿಯಾಗಿ ಕೂರುತ್ತೆ.

ಮೊದಲ ಕ್ಲಾಸಿನಲ್ಲಿ ಸಮೀಕರಣಗಳ ಗದ್ದಲವೇ ಇಲ್ಲ. ಬರೀ ಡಬ್ಬಿಗಳು. ಎಲೆಕ್ಟ್ರಾನಿನ ಎರಡು ಗುಣಗಳಿಗೆ ಬಣ್ಣ, ಗಟ್ಟಿತನ ಅಂತ ಸುಮ್ಮನೆ ಹೆಸರಿಟ್ಟಿದ್ದಾರೆ. ಒಂದು ಡಬ್ಬಿ ಎಲೆಕ್ಟ್ರಾನನ್ನು ಕಪ್ಪು, ಬಿಳಿ ಅಂತ ವಿಂಗಡಿಸುತ್ತೆ. ಇನ್ನೊಂದು ಗಟ್ಟಿ, ಮೆತ್ತಗೆ ಅಂತ. ಬಿಳಿಯವನ್ನಷ್ಟೇ ಆರಿಸಿ ಎರಡನೇ ಡಬ್ಬಿಗೆ ಬಿಡಿ. ಅದರಲ್ಲಿ ಮೆತ್ತಗಿನವನ್ನು ಮತ್ತೆ ಬಣ್ಣದ ಡಬ್ಬಿಗೆ ಬಿಡಿ. ಏನು ಬರಬೇಕು? ವಿಡಿಯೊ ನಿಲ್ಲಿಸಿ, ಹಳೇ ಪ್ರಶ್ನೆಪತ್ರಿಕೆಯ ಹಿಂದೆ ಡಬ್ಬಿ ಬರೆದು, 'ಎಲ್ಲಾ ಬಿಳಿ' ಅಂತ ಗೀಚಿದೆ. ಬಂದಿದ್ದು ಅರ್ಧ ಕಪ್ಪು! ನಡುವೆ ಗಟ್ಟಿತನ ಅಳೆದಿದ್ದೇ ಬಣ್ಣದ ಗುರುತನ್ನು ಅಳಿಸಿಬಿಟ್ಟಿತ್ತು. ಸೂಪರ್‌ಪೊಸಿಷನ್, ಅಂದರೆ ಮೆತ್ತಗಿನ ಎಲೆಕ್ಟ್ರಾನ್ ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಎರಡರ ಬೆರಕೆಯ ಸ್ಥಿತಿಯಲ್ಲಿರುತ್ತೆ ಅನ್ನೋ ಮಾತು ನನ್ನ ತಲೆಗೆ ನಿಜವಾಗಿ ಇಳಿದಿದ್ದು ಆವತ್ತು.

ಕಷ್ಟಗಳೂ ಇವೆ. ಮೇಷ್ಟ್ರು ಬಹಳ ಜೋರಾಗಿ ಓಡುತ್ತಾರೆ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಲೇಬೇಕು. ಫೂರಿಯೇ ಟ್ರಾನ್ಸ್‌ಫಾರ್ಮ್ (ಒಂದು ಅಲೆಯನ್ನು ಸರಳ ಅಲೆಗಳಾಗಿ ಬಿಡಿಸೋ ಗಣಿತ) ಮರೆತಿದ್ದರೆ ಮೂರನೇ ಕ್ಲಾಸಿಗೇ ತಡವರಿಸುತ್ತೀರಿ, ನನಗೆ ಅದಕ್ಕೇ ಒಂದು ವಾರ ಹೋಯಿತು. ಸರ್ಟಿಫಿಕೇಟ್ ಸಿಗೋದಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ಬಿಡಿಸಿದ ಲೆಕ್ಕ ತಿದ್ದೋರು ಯಾರೂ ಇಲ್ಲ. ಎಂಎಸ್ಸಿಯ ಗೆಳತಿಯೊಬ್ಬಳನ್ನು ಜೊತೆಗೆ ಎಳೆದುಕೊಂಡೆ. ರಾತ್ರಿ ಊಟ ಆದ ಮೇಲೆ ವಾಟ್ಸಾಪಿನಲ್ಲಿ ಹಾಳೆಗಳ ಫೋಟೊ ಕಳಿಸಿ, ಒಬ್ಬರದ್ದನ್ನೊಬ್ಬರು ತಿದ್ದಿದೆವು. ಅವಳಿಲ್ಲದಿದ್ದರೆ ಹೈಡ್ರೋಜನ್ ಪರಮಾಣುವಿನ ಪಾಠದ ಹತ್ತಿರವೇ ನಿಂತುಬಿಡುತ್ತಿದ್ದೆ.

ಬಿಎಸ್ಸಿ ಮುಗಿಸಿ ಎಂಎಸ್ಸಿಗೆ ಹೊರಟವರು, ನನ್ನಂಥ ಮೇಡಂಗಳು, ಮೇಷ್ಟ್ರುಗಳು ಖಂಡಿತ ನೋಡಿ. ಸುಮ್ನೆ ನೋಡಬೇಡಿ, ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಜೂನಿನಲ್ಲಿ ಕೊನೇ ಕ್ಲಾಸು ಮುಗಿಸಿದೆವು, ಕ್ವಾಂಟಮ್ ಲೋಕ ನಮ್ಮ ಸಾಮಾನ್ಯ ತರ್ಕಕ್ಕೆ ಯಾಕೆ ಒಗ್ಗೋದಿಲ್ಲ ಅಂತ ತೋರಿಸೋ ಬೆಲ್ ಪ್ರಮೇಯ ಅದರಲ್ಲಿತ್ತು. ಈಗ ಇಬ್ಬರೂ ಅದರ ಮುಂದಿನ ಕೋರ್ಸು 8.05 ಶುರು ಮಾಡಿದ್ದೇವೆ.