ಕತ್ತಿ ಹಿಡಿದವರಿಗೆ ಸರಳ, ಮಂತ್ರ ಹೇಳುವವರಿಗೆ ಜಟಿಲ: ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಳಸಿದ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಕಟ್ಟುವ ಆಟ. ಅದರ ಐದನೇ ಆವೃತ್ತಿಯ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್, 2014ರದ್ದು, ನಮ್ಮ ಗುಂಪಿನಲ್ಲಿ ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡಿದೆ. ಚಿತ್ರಗಳು ಚೆನ್ನಾಗಿವೆ. ಕೊನೆಯ ಸೂಚಿಯ ಅಕ್ಷರ ಮಾತ್ರ ತೀರಾ ಸಣ್ಣದು. ನಾನು ಬರೆಯಬೇಕೆಂದಿರುವುದು ಅದರಲ್ಲಿರುವ 12 ಕ್ಲಾಸ್‌ಗಳ (ಪಾತ್ರದ ಬಗೆಗಳ) ಬಗ್ಗೆ.

ಹೊಸಬರು ಬಂದರೆ ನಾನು ಮೊದಲು ತೋರಿಸುವುದು ಆಯುಧ ಹಿಡಿದು ಹೋರಾಡುವ ಫೈಟರ್, ಅದರಲ್ಲೂ ಚಾಂಪಿಯನ್ ಎಂಬ ಉಪವಿಧ. 3ನೇ ಲೆವೆಲ್‌ನಲ್ಲಿ ಚಾಂಪಿಯನ್‌ಗೆ ಸಿಗುವುದು ಒಂದೇ: 20 ಮುಖದ ದಾಳದಲ್ಲಿ 20 ಅಷ್ಟೇ ಅಲ್ಲ, 19 ಬಿದ್ದರೂ ಕ್ರಿಟಿಕಲ್ (ಜೋರಾದ ಏಟು). ನೆನಪಿಡಬೇಕಾದ್ದು ಕಡಿಮೆ, ಹಾಗಾಗಿ ಆಡುವವರ ಕಣ್ಣು ಹಾಳೆ ಬಿಟ್ಟು ಕಥೆಯ ಕಡೆ ತಿರುಗುತ್ತದೆ. "ಆ ಸೇತುವೆಯ ಹಗ್ಗ ಕತ್ತರಿಸಬಹುದಾ?" ಎಂದು ಕೇಳುವವರು ನಮ್ಮಲ್ಲಿ ಹೆಚ್ಚಾಗಿ ಚಾಂಪಿಯನ್ ಆಡುವವರೇ. ಸರಳ ಕ್ಲಾಸ್ ಕಲಿಯುವವರಿಗೆ ಮಾತ್ರ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಗಳಿಂದ ಆಡುತ್ತಿರುವ ಗೆಳತಿಯೊಬ್ಬಳು ಇವತ್ತಿಗೂ ಅದನ್ನೇ ಆರಿಸುತ್ತಾಳೆ.

ಅದೇ ಫೈಟರ್‌ನಲ್ಲಿ ಬ್ಯಾಟಲ್ ಮಾಸ್ಟರ್ ಇದೆ. ಶುರುವಿಗೆ 3 ವರಸೆ, ಅವಕ್ಕೆ ಖರ್ಚು ಮಾಡಲು 8 ಮುಖದ 4 ದಾಳ. ಆ ವರಸೆಗಳಲ್ಲಿ ಟ್ರಿಪ್ ಅಟ್ಯಾಕ್ ತಗೊಳ್ಳಿ. ಏಟು ಬಿದ್ದ ಮೇಲೆ ಒಂದು ದಾಳ ಖರ್ಚು ಮಾಡಿದರೆ ಪೆಟ್ಟೂ ಜಾಸ್ತಿ, ಶತ್ರು ನೆಲಕ್ಕೆ ಬೀಳಲೂಬಹುದು. ಬಿದ್ದರೆ ಪಕ್ಕದಲ್ಲಿರುವ ರೋಗ್‌ಗೆ (ಕಳ್ಳನಂಥ ಕ್ಲಾಸ್) ಅಡ್ವಾಂಟೇಜ್, ಅಂದರೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಆದರೆ ದೂರದಿಂದ ಬಾಣ ಬಿಡುವ ರೇಂಜರ್‌ಗೆ ಡಿಸ್‌ಅಡ್ವಾಂಟೇಜ್, ಎರಡರಲ್ಲಿ ಚಿಕ್ಕದೇ ಗತಿ! ಮುಂದಿನ ಸರದಿ ಯಾರದು ಅಂತ ನೋಡಿಕೊಂಡೇ ಬೀಳಿಸಬೇಕು. ಇಂಥ ಜಟಿಲತೆ ನನಗೆ ತುಂಬಾ ಇಷ್ಟ. ನಿಯಮ ನಾಲ್ಕೇ ಸಾಲು, ಆದರೆ ಇಡೀ ಟೇಬಲ್ ಮಾತಾಡಿಕೊಳ್ಳುತ್ತದೆ.

ಪ್ರಕೃತಿಯ ಮಂತ್ರ ಬಳಸುವ ಡ್ರೂಯಿಡ್‌ನದು ಬೇರೆ ಥರದ ಜಟಿಲತೆ. ದಿನವೂ ಪೂರ್ತಿ ಪಟ್ಟಿಯಿಂದ ಸ್ಪೆಲ್ (ಮಂತ್ರ) ಆರಿಸಬೇಕು. 2ನೇ ಲೆವೆಲ್‌ನಿಂದ ಪ್ರಾಣಿಯ ರೂಪ ತಾಳಬಹುದು, ಆಗ ಆ ಪ್ರಾಣಿಯ ಅಂಕಿಗಳೂ ಕೈಯಲ್ಲಿರಬೇಕು. ಒಬ್ಬರು ಪುಟ ತಿರುವುತ್ತಿದ್ದರೆ ಉಳಿದವರು ಸುಮ್ನೆ ಕೂತಿರುತ್ತಾರೆ.

ನನ್ನ ಮುಖ್ಯ ತಕರಾರು ಇಲ್ಲಿದೆ. ಸರಳವಾಗಿ ಆಡಬೇಕೆಂದರೆ ಕತ್ತಿ ಹಿಡಿಯಿರಿ, ಮಂತ್ರ ಬೇಕೆಂದರೆ ಪಟ್ಟಿ ಓದಿ ಅನ್ನುವುದು ಈ ಪುಸ್ತಕದ ಲೆಕ್ಕ. ಯಾವ ಪಾತ್ರ ಇಷ್ಟ ಅನ್ನುವುದಕ್ಕೂ ಎಷ್ಟು ನಿಯಮ ಹೊರಬಲ್ಲೆ ಅನ್ನುವುದಕ್ಕೂ ಸಂಬಂಧ ಯಾಕಿರಬೇಕು? ಮಾಟಗಾತಿ ಆಗಬೇಕೆಂದು ಆಸೆಪಟ್ಟು ಬಂದವರ ಮುಂದೆ ಸ್ಪೆಲ್ ಅಧ್ಯಾಯ ತೆರೆದಿಟ್ಟರೆ ಅರ್ಧ ಉತ್ಸಾಹ ಅಲ್ಲೇ ಇಳಿಯುತ್ತದೆ. ಅವರಿಗೆ ನಾನು ವಾರ್‌ಲಾಕ್ ಕೊಡುತ್ತೇನೆ, ಅದೂ ಮಂತ್ರದ ಕ್ಲಾಸೇ. ಪಾತ್ರ ಕಟ್ಟುವಾಗ ಅದರ ವಿಶೇಷ ಶಕ್ತಿಗಳಾದ ಇನ್ವೊಕೇಶನ್ ಆರಿಸಲು ಜೊತೆಗೆ ಕೂರುತ್ತೇನೆ. ಆಟ ಶುರುವಾದ ಮೇಲೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಎಲ್‌ಡ್ರಿಚ್ ಬ್ಲಾಸ್ಟ್ ಮಂತ್ರ ಸಾಕು, ಉಳಿದ ಮಂತ್ರ ಹಾಕಲು ಬೇಕಾದ ಸ್ಪೆಲ್ ಸ್ಲಾಟ್ ಬೆರಳೆಣಿಕೆಯಷ್ಟೇ.

ಮೇಲಿನ ಲೆವೆಲ್‌ಗಳಲ್ಲಿ ಈ ಅಂತರ ನೋವು ಕೊಡುತ್ತದೆ. 15ನೇ ಲೆವೆಲ್‌ಗೆ ಚಾಂಪಿಯನ್‌ಗೆ 18 ಬಿದ್ದರೂ ಕ್ರಿಟಿಕಲ್. ಅಷ್ಟರಲ್ಲಿ ಮಾಂತ್ರಿಕ ಕ್ಲಾಸಾದ ವಿಝಾರ್ಡ್ ಇಡೀ ಗುಂಪನ್ನು ಬೇರೆ ಊರಿಗೆ ಟೆಲಿಪೋರ್ಟ್ ಮಾಡುತ್ತಿರುತ್ತಾನೆ. ಯುದ್ಧವಿಲ್ಲದ ದಿನ ಫೈಟರ್ ಕೈಲಿ ಏನಿದೆ? ಇದು ಹಳೇ ಕಥೆ. 2008ರ ನಾಲ್ಕನೇ ಆವೃತ್ತಿಯಲ್ಲಿ ಫೈಟರ್‌ಗೂ ವಿಝಾರ್ಡ್‌ಗೂ ಒಂದೇ ಚೌಕಟ್ಟು ಕೊಟ್ಟಿದ್ದರು. ಎಲ್ಲ ಕ್ಲಾಸೂ ಒಂದೇ ಥರ ಅನ್ನಿಸುತ್ತದೆಂದು ಹಲವರು ದೂರಿದರು.

2024ರ ಹೊಸ ಪುಸ್ತಕದಲ್ಲಿ ವೆಪನ್ ಮಾಸ್ಟರಿ (ಆಯುಧಕ್ಕೆ ತಕ್ಕ ವಿಶೇಷ ಪರಿಣಾಮ) ಬಂದಿದೆ. ಚಾಂಪಿಯನ್ ಕೈಲಿ ವಾರ್‌ಹ್ಯಾಮರ್ ಇದ್ದರೆ ಶತ್ರುವನ್ನು ಹಿಂದಕ್ಕೆ ತಳ್ಳಬಹುದು, ಇದು ಚೆಂದ. ಬ್ಯಾಟಲ್‌ಆಕ್ಸ್ ಇದ್ದರೆ ಏಟು ಬಿದ್ದಾಗಲೆಲ್ಲ ಶತ್ರು ಕೆಳಗೆ ಬೀಳದಿರಲು ದಾಳ (ಸೇವ್) ಎಸೆಯಬೇಕಾಗಬಹುದು, ಆಟ ಎಳೆಯುತ್ತದೆ. ಫೈಟರ್‌ಗೆ ಕೆಲಸ ಹೆಚ್ಚಾಯಿತು, ಮಂತ್ರದವರ ಹೊರೆ ಇಳಿಯಲಿಲ್ಲ.

ಕೊಳ್ಳುವವರಿಗೆ: 2014ರದ್ದು ಮನೆಯಲ್ಲಿದ್ದರೆ ಬದಲಿಸುವ ಅವಸರ ಬೇಡ. ವಿಝಾರ್ಡೇ ಬೇಕು ಅನ್ನುವ ಹೊಸಬರಿಗೆ ಪುಸ್ತಕ ಕೊಡಬೇಡಿ. 1ನೇ ಲೆವೆಲ್‌ಗೆ ಬೇಕಾದ 6 ಸ್ಪೆಲ್ ಚೀಟಿಯಲ್ಲಿ ಬರೆದು ಕೊಡಿ. 5ಕ್ಕೆ 3.5 ಕೊಡುತ್ತೇನೆ.