ರಿಕಾಲ್ ಆದ ಮೇಲೆ ಕಾರಲ್ಲಿ ಪೆಟ್ರೋಲ್ ವಾಸನೆ: ಅದೇ ಡೀಲರಾ, ಬೇರೆ ಡೀಲರಾ, ನಮ್ಮ ಬೀದಿ ಗ್ಯಾರೇಜಾ?

ರಿಕಾಲ್ ಅಂತ, ಅಂದರೆ ಮಾರಿದ ಕಾರುಗಳಲ್ಲಿ ದೋಷ ಇದೆ ಅಂತ, ಕಂಪನಿಯವರೇ ಕರೆದು ಫ್ಯೂಯಲ್ ಪಂಪ್ ಬದಲಾಯಿಸಿಕೊಟ್ಟರು. ಖರ್ಚು ಸೊನ್ನೆ. ಆಮೇಲೆ ಹಿಂದಿನ ಸೀಟಿನ ಹತ್ತಿರ ಪೆಟ್ರೋಲ್ ವಾಸನೆ ಶುರುವಾಯಿತು, ಪೆಟ್ರೋಲ್ ಮುಳ್ಳೂ ಸುಳ್ಳು ಹೇಳತೊಡಗಿತು. ಇಂಥ ಹೊತ್ತಲ್ಲಿ ಎಲ್ಲಿಗೆ ಹೋಗಬೇಕು? ಕೆಲಸ ಮಾಡಿದ ಡೀಲರ್, ಅದೇ ಕಂಪನಿಯ ಇನ್ನೊಬ್ಬ ಡೀಲರ್, ಮನೆ ಹತ್ತಿರದ ಗ್ಯಾರೇಜ್, ಕಂಪನಿಯ ಕಸ್ಟಮರ್ ಕೇರ್ – ನಾಲ್ಕೂ ಕಡೆ ಓಡಾಡಿದ್ದೇನೆ.

ಮೊದಲು ಕಾರಿನ ವಿಷಯ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್ ಇರುವುದು ಟ್ಯಾಂಕಿನ ಒಳಗೆ. ತುಂಬಾ ಕಾರುಗಳಲ್ಲಿ ಹಿಂದಿನ ಸೀಟಿನ ಕೂರುವ ಭಾಗ ಎತ್ತಿದರೆ ಒಂದು ಮುಚ್ಚಳ ಕಾಣುತ್ತದೆ, ಅದರಡಿ ಪಂಪಿನ ತಲೆ. ಅದನ್ನು ಒಂದು ದೊಡ್ಡ ರಿಂಗ್ ಬಿಗಿಯಾಗಿ ಹಿಡಿದಿರುತ್ತದೆ, ಪಂಪಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಸೀಲ್. ಈ ಸೀಲ್ ಕೂರಿಸುವಾಗ ಒಂದು ಕಡೆ ಮಡಚಿಕೊಂಡರೆ ಸಾಕು. ಟ್ಯಾಂಕ್ ಅರ್ಧ ಇದ್ದಾಗ ಹೆಚ್ಚೇನೂ ಗೊತ್ತಾಗುವುದಿಲ್ಲ. ಫುಲ್ ಟ್ಯಾಂಕ್ ಮಾಡಿಸಿ ಬಂಕ್‌ನಿಂದ ಹೊರಟು ಮೊದಲ ಹಂಪ್ ಹತ್ತಿಳಿದಾಗ ಪೆಟ್ರೋಲ್ ಮೇಲಕ್ಕೆ ಚಿಮ್ಮುತ್ತದೆ, ಆಗ ವಾಸನೆ. ಪೆಟ್ರೋಲ್ ಎಷ್ಟಿದೆ ಅಂತ ಅಳೆಯುವ ಫ್ಲೋಟ್ ಕೂಡ ಸಾಮಾನ್ಯವಾಗಿ ಪಂಪಿನ ಜೊತೆಗೇ ಇರುತ್ತದೆ. ಒಳಗೆ ಇಳಿಸುವಾಗ ಅದರ ಕಡ್ಡಿ ಸ್ವಲ್ಪ ಬಾಗಿದರೂ ಮುಳ್ಳು ತಪ್ಪು ತೋರಿಸುತ್ತದೆ.

ಇನ್ನೊಂದು ವಿಷಯ, ದುಡ್ಡಿನದು. ರಿಕಾಲ್ ಕೆಲಸಕ್ಕೆ ಡೀಲರ್‌ಗೆ ದುಡ್ಡು ಕೊಡುವುದು ಕಂಪನಿ, ಅದೂ ಇಂತಿಷ್ಟು ಹೊತ್ತಿನ ಕೂಲಿ ಅಂತ ಲೆಕ್ಕ ಹಾಕಿ. ಮಾಡಿದ್ದನ್ನೇ ಮತ್ತೆ ಬಿಚ್ಚಿ ಕೂರಿಸಿದರೆ ಆ ಕೂಲಿ ಸಾಮಾನ್ಯವಾಗಿ ಡೀಲರ್ ತಲೆ ಮೇಲೇ. ಇದು ತಲೆಯಲ್ಲಿದ್ದರೆ ಅವರ ಮಾತಿನ ಧಾಟಿ ಬೇಗ ಅರ್ಥವಾಗುತ್ತದೆ.

ಅದೇ ಡೀಲರ್ ಹತ್ತಿರ ನನಗೆ ಸಿಕ್ಕಿದ್ದು ಎಸಿ ರೂಮು, ಕಾಫಿ, ತೊಳೆದು ಒರೆಸಿದ ಕಾರು. "ಚೆಕ್ ಮಾಡಿದ್ವಿ ಸರ್, ಎಲ್ಲಾ ನಾರ್ಮಲ್. ಹೊಸ ಪಾರ್ಟ್ ಅಲ್ವಾ, ಸ್ವಲ್ಪ ದಿನ ವಾಸನೆ ಇರುತ್ತೆ." ಹೊಸ ಪಂಪಿಗೆ ಪೆಟ್ರೋಲ್ ವಾಸನೆ ಬರುವುದು ನಾರ್ಮಲ್ ಅಲ್ಲ, ಇದನ್ನು ಯಾರೂ ನಂಬಬೇಡಿ. ಅವರು ಸೀಟು ಎತ್ತಿಯೇ ಇರಲಿಲ್ಲ. ಸೀಟಿನ ಕ್ಲಿಪ್ ಒಂದು ರಿಕಾಲ್ ದಿನವೇ ಮುರಿದು ಓರೆಯಾಗಿ ನಿಂತಿತ್ತು, ಇವರು ವಾಪಸ್ ಕೊಟ್ಟಾಗಲೂ ಹಾಗೇ ಇತ್ತು. ಮಾರನೇ ದಿನ ಫೋನು: "ಫೀಡ್‌ಬ್ಯಾಕ್ ಕಾಲ್ ಬರುತ್ತೆ ಸರ್, ಹತ್ತಕ್ಕೆ ಹತ್ತು ಹೇಳಿಬಿಡಿ."

ಆದರೂ ಅಲ್ಲಿಗೆ ಹೋಗದೆ ಬೇರೆ ದಾರಿ ಇಲ್ಲ. ಕಾರಣ, ಜಾಬ್ ಕಾರ್ಡ್ – ಏನು ದೂರು, ಏನು ಕೆಲಸ ಅಂತ ಡೀಲರ್ ಬರೆದುಕೊಳ್ಳುವ ಕಾಗದ. ದೂರು ಕೆಲಸ ಮಾಡಿದವರ ಕಾಗದದಲ್ಲೇ ದಾಖಲಾಗಬೇಕು. ಸರ್ವಿಸ್ ಅಡ್ವೈಸರ್ "ಜನರಲ್ ಚೆಕಪ್" ಅಂತ ಬರೆದು ಸಹಿಗೆ ಕೊಡುತ್ತಾರೆ, ಸಹಿ ಹಾಕಬಾರದು. "ರಿಕಾಲ್‌ನಲ್ಲಿ ಪಂಪ್ ಬದಲಾಯಿಸಿದ ನಂತರ ಫುಲ್ ಟ್ಯಾಂಕ್‌ನಲ್ಲಿ ಪೆಟ್ರೋಲ್ ವಾಸನೆ" ಅಂತಲೇ ಬರೆಸಬೇಕು. ಕಾರನ್ನು ಕೂಡ ಫುಲ್ ಟ್ಯಾಂಕ್ ಮಾಡಿಸಿಯೇ ಬಿಡಬೇಕು. ಕಾಲು ಟ್ಯಾಂಕ್ ಇಟ್ಟುಕೊಂಡು ಹೋದರೆ ಅವರ "ನಾರ್ಮಲ್"ಗೆ ನಾವೇ ಸಾಕ್ಷಿ ಒದಗಿಸಿದ ಹಾಗೆ.

ಬೀದಿ ಗ್ಯಾರೇಜ್ ಇದಕ್ಕೆ ಪೂರ್ತಿ ಉಲ್ಟಾ. ಕಾಯುವುದಿಲ್ಲ, ಕಾಫಿ ಇಲ್ಲ, ಕಾರಣ ಮಾತ್ರ ತಕ್ಷಣ ಗೊತ್ತಾಗುತ್ತದೆ. ನಮ್ಮ ಗ್ಯಾರೇಜಿನ ಅಣ್ಣ ಹಿಂದಿನ ಬಾಗಿಲು ತೆಗೆದು ಮೂಗು ಹಾಕಿದ, ಸೀಟು ಎತ್ತಿದ, ಮುಚ್ಚಳದ ಅಂಚಿನಲ್ಲಿ ಧೂಳು ಒದ್ದೆಯಾಗಿದ್ದನ್ನು ಬೆರಳಲ್ಲಿ ಮುಟ್ಟಿ ತೋರಿಸಿದ. "ಸೀಲ್ ಕೂತಿಲ್ಲ ಸಾರ್. ಆದ್ರೆ ನಾನು ಬಿಚ್ಚಲ್ಲ. ನಾನು ಕೈ ಹಾಕಿದ್ರೆ ನಾಳೆ ಅವರು ಹೊರಗಡೆ ಮುಟ್ಟಿಸಿದ್ದೀರಾ ಅಂತಾರೆ." ಅವನ ಮಾತು ಸರಿ. ವಾರಂಟಿ ಇರುವ ಕಾರಲ್ಲಿ ಹೊರಗಿನವರು ಪಂಪ್ ಬಿಚ್ಚಿದರೆ ಡೀಲರ್‌ಗೆ ಒಳ್ಳೆ ನೆಪ. ಅವನು ತೋರಿಸಿದ್ದನ್ನು ವಿಡಿಯೋ ಮಾಡಿಕೊಂಡೆ, ಅಷ್ಟೇ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ದೋಷ ಹೇಳುವ ಯಾವ ಕೋಡೂ ಬರಲಿಲ್ಲ. ಸೀಲ್ ಸೋರುವುದನ್ನು ಸ್ಕ್ಯಾನರ್ ಹಿಡಿಯಲೇಬೇಕು ಅಂತೇನಿಲ್ಲ, ಹಾಗಾಗಿ "ಸ್ಕ್ಯಾನ್‌ನಲ್ಲಿ ಏನೂ ಇಲ್ಲ" ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ.

ಎರಡನೇ ಡೀಲರ್ ಬಗ್ಗೆ ನನಗೆ ಅಷ್ಟೇನೂ ನಂಬಿಕೆ ಇರಲಿಲ್ಲ. ಚಾಸಿ ನಂಬರ್ ಹಾಕಿದ ಕೂಡಲೇ ಅವರ ಕಂಪ್ಯೂಟರಲ್ಲಿ ಕಾರಿನ ಜಾತಕವೆಲ್ಲ ಬಂತು. ರಿಕಾಲ್ "ಕ್ಲೋಸ್ಡ್" ಅಂತ ತೋರಿಸಿತು. ಕ್ಲೋಸ್ ಆದದ್ದಕ್ಕೆ ಮತ್ತೆ ಕಂಪನಿಯಿಂದ ದುಡ್ಡು ಹುಟ್ಟಲ್ಲ, ಹಾಗಾಗಿ ಮೊದಲ ಉತ್ತರ "ಅಲ್ಲೇ ಹೋಗಿ ಸರ್" ಅಂತಲೇ. ಆದರೆ ಇನ್ಸ್‌ಪೆಕ್ಷನ್ ಚಾರ್ಜ್ ನಾನೇ ಕೊಡುತ್ತೇನೆ ಅಂದಾಗ ಧಾಟಿ ಬದಲಾಯಿತು. ಇನ್ನೊಬ್ಬರ ತಪ್ಪು ಬರೆದುಕೊಡಲು ಇವರಿಗೆ ಏನೂ ಸಂಕಟವಿಲ್ಲ ನೋಡಿ! ಜಾಬ್ ಕಾರ್ಡ್‌ನಲ್ಲಿ "ಪಂಪ್ ಸೀಲ್ ಮಡಚಿದೆ, ಸೋರಿಕೆ ಇದೆ" ಅಂತ ಬಂತು. ಕೊಟ್ಟ ದುಡ್ಡು ಒಂದು ವಾಟರ್ ವಾಷ್‌ನಷ್ಟು. ಇಡೀ ಓಡಾಟದಲ್ಲಿ ಕೊಟ್ಟ ದುಡ್ಡಿಗೆ ಬೆಲೆ ಬಂದದ್ದು ಇಲ್ಲಿ ಮಾತ್ರ.

ಆ ಕಾಗದ ಇಲ್ಲದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದು ಸುಮ್ನೆ ಟೈಮ್ ವೇಸ್ಟ್. ಅವರು ದೂರನ್ನು ಮತ್ತೆ ಅದೇ ಡೀಲರ್‌ಗೆ ತಳ್ಳುತ್ತಾರೆ, ಡೀಲರ್ "ನಾರ್ಮಲ್" ಅಂತಾನೆ, ದೂರಿನ ಟಿಕೆಟ್ ಮುಚ್ಚುತ್ತದೆ. ಎರಡೂ ಜಾಬ್ ಕಾರ್ಡ್, ವಿಡಿಯೋ, ಚಾಸಿ ನಂಬರ್ ಸೇರಿಸಿ ಮೇಲ್ ಹಾಕಿದ ಮೇಲೆ ಏರಿಯಾ ಸರ್ವಿಸ್ ಮ್ಯಾನೇಜರ್ ಅವರೇ ಮಾತಾಡಿದರು. ಕೆಲಸ ಎರಡನೇ ಡೀಲರ್ ಹತ್ತಿರವೇ, ಹೊಸ ಸೀಲ್ ಹಾಕಿ, ದುಡ್ಡಿಲ್ಲದೆ ಆಯಿತು.

ಮೇಲ್‌ಗೂ ಜಗ್ಗದಿದ್ದರೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಕಂಪನಿಗೆ ದೂರು ದಾಟಿಸುತ್ತಾರೆ, ತೀರ್ಪು ಕೊಡುವುದಿಲ್ಲ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಅದರಾಚೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರುವ ಊರಲ್ಲೇ ಹಾಕಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ, 2 ವರ್ಷದ ಒಳಗೆ ಹಾಕಬೇಕು. ಮೋಟಾರು ವಾಹನ ಕಾಯ್ದೆಯಲ್ಲೂ ರಿಕಾಲ್‌ಗೆ ಅಂತಲೇ 110ಎ ಸೆಕ್ಷನ್ ಇದೆ, ಅದರ ನಿಯಮಗಳು 2021ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಆದರೆ ಅದು ಒಂದೇ ಮಾದರಿಯ ತುಂಬಾ ಕಾರುಗಳಲ್ಲಿ ಇರುವ ದೋಷಕ್ಕೆ. ಒಬ್ಬ ಮೆಕ್ಯಾನಿಕ್ ಸೀಲ್ ಮಡಚಿ ಕೂರಿಸಿದ್ದಕ್ಕೆ ಆ ದಾರಿ ಹಿಡಿದು ಉಪಯೋಗವಿಲ್ಲ.

ಇಷ್ಟೆಲ್ಲ ಓಡಾಡುವಾಗ ಕಾರನ್ನು ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಅಲ್ಲೇ ಕೂರುತ್ತದೆ. ಬಯಲಲ್ಲಿ, ಕಿಟಕಿ ಸ್ವಲ್ಪ ಇಳಿಸಿ ನಿಲ್ಲಿಸಿ, ಹತ್ತಿರ ಬೀಡಿ ಸಿಗರೇಟು ಬೇಡ. ವಾಸನೆ ಜೋರಿದ್ದರೆ ಓಡಿಸಲೇಬೇಡಿ, ಟೋಯಿಂಗ್ ಕೇಳಿ. ಕಂಪನಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅದರ ಕಾಲ್ ರೆಕಾರ್ಡ್ ಕೂಡ ಒಂದು ದಾಖಲೆ.

ಮುಳ್ಳು ಮಾತ್ರ ಇನ್ನೂ ಫುಲ್ ಟ್ಯಾಂಕ್‌ಗೆ ಮುಕ್ಕಾಲು ಅಂತಲೇ ತೋರಿಸುತ್ತಿದೆ. ಅದನ್ನೂ ಬೇರೆ ದೂರಾಗಿ ಬರೆಸಿದ್ದೇನೆ, ಎರಡನೇ ಡೀಲರ್ ಹತ್ತಿರವೇ.